ನನ್ನ ಚೆಕ್ಕು, ಇನ್ಯಾರದೋ ಸಹಿ: ನಮ್ಮ ಬ್ಯಾಂಕಿನ ಕ್ಲೇಮ್ ವಿಭಾಗಕ್ಕೆ 5ರಲ್ಲಿ 2 ಸ್ಟಾರ್

ಈ ಬ್ಯಾಂಕಿನಲ್ಲಿ ನಮ್ಮ ಖಾತೆ ತೆರೆದು 14 ವರ್ಷ ಆಯಿತು. ಆ್ಯಪ್ ಚೆನ್ನಾಗಿದೆ. ಶಾಖೆ ಮನೆಗೆ ಹತ್ತಿರ. ಮನೆ ಸಾಲದ ಕಂತು ಒಂದು ದಿನವೂ ತಪ್ಪದೆ ಹೋಗುತ್ತದೆ. ಅದಕ್ಕೆಲ್ಲ ನಾಲ್ಕು ಸ್ಟಾರ್ ಕೊಡಲು ನನಗೆ ಏನೂ ಅಡ್ಡಿಯಿಲ್ಲ. ಆದರೆ ಬ್ಯಾಂಕ್ ಎಂಥದ್ದು ಅಂತ ಗೊತ್ತಾಗುವುದು ದುಡ್ಡು ಹೋದ ದಿನ ಅಲ್ವಾ? ಹಾಗಾಗಿ ಇಲ್ಲಿ ಒಂದೇ ಒಂದು ಸೇವೆಯ ಬಗ್ಗೆ ಬರೆಯುತ್ತೇನೆ. ನಾವು ಬರೆದ ಚೆಕ್ಕನ್ನು ಇನ್ಯಾರೋ, ಚೆಕ್ಕಿನಲ್ಲಿ ಹೆಸರಿದ್ದವರು ತಾನೇ ಅಂತ ಹೇಳಿಕೊಂಡು ಹಣ ಮಾಡಿಕೊಂಡರೆ ಬ್ಯಾಂಕ್ ಏನು ಮಾಡುತ್ತದೆ, ಏನು ಮಾಡಬೇಕು ಅನ್ನುವುದು.

ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. 2023ರ ಮಾರ್ಚ್ 6ರಂದು ಮನೆಯ ಚಾವಣಿ ರಿಪೇರಿ ಮಾಡಿದವರಿಗೆ 4,860 ಡಾಲರ್‌ನ ಚೆಕ್ ಬರೆದೆ. ಕವರಿಗೆ ಹಾಕಿ ಪೋಸ್ಟ್ ಆಫೀಸಿನ ಹೊರಗಿರುವ ನೀಲಿ ಡಬ್ಬಿಗೆ ಹಾಕಿದೆ. ಮಾರ್ಚ್ 13ಕ್ಕೆ ಖಾತೆಯಿಂದ ಹಣ ಹೋಯಿತು. ಚೆಕ್ ನಂಬರ್ ಸರಿ, ಮೊತ್ತ ಸರಿ. ಕೆಲಸ ಮುಗಿಯಿತು ಅಂದುಕೊಂಡೆ. ಏಪ್ರಿಲ್ 17ರ ಸಂಜೆ ಚಾವಣಿ ಕೆಲಸದವರು ಫೋನ್ ಮಾಡಿದರು. ತುಂಬಾ ಸಂಕೋಚದಿಂದ ಕೇಳಿದರು: "ಮೇಡಂ, ಆ ಚೆಕ್ ಕಳಿಸಿದ್ರಾ?"

ಆಗಲೇ ನಾನು ಮೊದಲ ಸಲ ಚೆಕ್ಕಿನ ಹಿಂಬದಿ ನೋಡಿದ್ದು. ಆ್ಯಪ್‌ನಲ್ಲಿ ಮುಂಬದಿಯ ಚಿತ್ರ ತಾನಾಗಿಯೇ ತೋರಿಸುತ್ತದೆ. ಹಿಂಬದಿ ಬೇಕೆಂದರೆ ಇನ್ನೊಂದು ಸಣ್ಣ ಬಟನ್ ಒತ್ತಬೇಕು. ಮುಂದೆ ಎಲ್ಲ ನನ್ನ ಕೈಬರಹವೇ, ನನ್ನ ಸಹಿಯೇ. ಯಾರೂ ಏನೂ ತಿದ್ದಿಲ್ಲ. ಹಿಂದೆ, ಮಸುಕು ಮಸುಕಾದ ಬೂದು ಬಣ್ಣದ ಸ್ಕ್ಯಾನ್‌ನಲ್ಲಿ, ಅವರ ಹೆಸರಲ್ಲಿ ಒಂದು ಸಹಿ. ಅವರ ಅಡ್ಡಹೆಸರಿನಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಎರಡು ಸಲ ಬರುತ್ತದೆ. ಸಹಿ ಹಾಕಿದವನು ಒಂದೇ ಎಲ್ ಬರೆದಿದ್ದ. ಕೆಳಗೆ ಇನ್ನೊಂದು ಬ್ಯಾಂಕಿನ ಮುದ್ರೆ. ಚೆಕ್ಕಿನ ಮುಂಬದಿಯಲ್ಲಿ ನಾನು ದೊಡ್ಡದಾಗಿ ಎರಡು ಎಲ್ ಬರೆದಿದ್ದೇನೆ, ಹಿಂಬದಿಯಲ್ಲಿ ಒಂದು. ತಿರುಗಿಸಿ ನೋಡಿದ್ದರೆ ಯಾರಿಗಾದರೂ ಕಾಣುತ್ತಿತ್ತು. ಆ ರಾತ್ರಿ ಅದನ್ನು ಎಷ್ಟು ಸಲ ದೊಡ್ಡದು ಮಾಡಿ ನೋಡಿದೆನೋ ಲೆಕ್ಕವಿಲ್ಲ.

ಇಂಥ ಕಳ್ಳತನ ನನ್ನೊಬ್ಬಳಿಗೇ ಆದದ್ದಲ್ಲ. ನಾನು ಚೆಕ್ ಪೋಸ್ಟ್ ಮಾಡುವ ಸರಿಯಾಗಿ ಒಂದು ವಾರ ಮೊದಲು, ಫೆಬ್ರವರಿ 27ರಂದು, ಅಮೆರಿಕ ಖಜಾನೆ ಇಲಾಖೆಯಲ್ಲಿ ಹಣಕಾಸು ಅಪರಾಧಗಳ ಮೇಲೆ ಕಣ್ಣಿಡುವ ಸಂಸ್ಥೆಯಾದ ಫಿನ್‌ಸೆನ್ ಬ್ಯಾಂಕುಗಳಿಗೆಲ್ಲ ಒಂದು ಎಚ್ಚರಿಕೆ ಕಳಿಸಿತ್ತು. ಅಂಚೆಯಿಂದ ಚೆಕ್ ಕದಿಯುವುದು ಜಾಸ್ತಿಯಾಗಿದೆ ಅಂತ. ಚೆಕ್ ವಂಚನೆಯ ಅನುಮಾನದ ವರದಿಗಳು 2021ರಲ್ಲಿ 3.5 ಲಕ್ಷಕ್ಕೂ ಹೆಚ್ಚು, 2022ರಲ್ಲಿ 6.8 ಲಕ್ಷಕ್ಕೂ ಹೆಚ್ಚು ಬಂದಿದ್ದವು. ಒಂದೇ ವರ್ಷದಲ್ಲಿ ಹತ್ತಿರ ಹತ್ತಿರ ಎರಡರಷ್ಟು. ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಬ್ಯಾಂಕಿನ ಕ್ಲೇಮ್ ವಿಭಾಗಕ್ಕೆ ನನ್ನ ಕೇಸು ಏನೋ ಹೊಸ ಕಾಯಿಲೆಯ ಹಾಗೆ ಕಂಡಿತು.

ಏಪ್ರಿಲ್ 18ರಂದು ಶಾಖೆಗೆ ಹೋದೆ. ಅಲ್ಲಿ ಕೂತಿದ್ದ ಹುಡುಗಿಗೆ ವಯಸ್ಸು ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನಾನು ಕೊಡುತ್ತಿರುವ ಎರಡು ಸ್ಟಾರ್‌ನಲ್ಲಿ ಒಂದು ಪೂರ್ತಿ ಅವಳದು. ಚಿತ್ರ ನೋಡಿದ ತಕ್ಷಣ, "ಇದು ನಿಮ್ಮ ಸಹಿಯ ಸಮಸ್ಯೆ ಅಲ್ಲ, ಎಂಡಾರ್ಸ್‌ಮೆಂಟ್ ಸಮಸ್ಯೆ. ಎರಡಕ್ಕೂ ಫಾರಂ ಬೇರೆ ಬೇರೆ" ಅಂದಳು. ಎಂಡಾರ್ಸ್‌ಮೆಂಟ್ ಅಂದರೆ ಹಣ ಪಡೆಯುವವರು ಚೆಕ್ಕಿನ ಹಿಂಬದಿಗೆ ಹಾಕುವ ಸಹಿ. ಆಗ ನನಗೆ ಇದರ ಬೆಲೆ ತಿಳಿಯಲಿಲ್ಲ. ಆಮೇಲೆ ಫೋನಿನಲ್ಲಿ ಮಾತಾಡಿದ ಐದು ಜನರಲ್ಲಿ ಒಬ್ಬರಿಗೂ ಈ ವ್ಯತ್ಯಾಸ ಗೊತ್ತಿರಲಿಲ್ಲ. ಅವಳು ಅಫಿಡವಿಟ್ ಫಾರಂ ಪ್ರಿಂಟ್ ಮಾಡಿಕೊಟ್ಟಳು. ಚಾವಣಿ ಕೆಲಸದವರು ಬಂದು, ಹಿಂಬದಿಯ ಸಹಿ ನನ್ನದಲ್ಲ, ಈ ಹಣದಲ್ಲಿ ಒಂದು ಪೈಸೆಯೂ ನನಗೆ ಸೇರಿಲ್ಲ ಅಂತ ನೋಟರಿ ಎದುರು ಬರೆದುಕೊಡಬೇಕು ಅಂದಳು. ಪಾಪ, ಅವರು ಮರುದಿನವೇ ಅರ್ಧ ದಿನದ ಕೆಲಸ ಬಿಟ್ಟು ಬಂದರು. ಪೊಲೀಸ್ ದೂರಿನ ನಂಬರ್, ಅಂಚೆ ಅಪರಾಧಗಳ ತನಿಖೆ ಮಾಡುವ ಅಂಚೆ ಇನ್‌ಸ್ಪೆಕ್ಷನ್ ಸರ್ವಿಸ್‌ಗೆ ಕೊಟ್ಟ ದೂರಿನ ನಂಬರ್, ಎಲ್ಲ ಸೇರಿಸಿ ಒಂದೇ ಕಡತ ಮಾಡಿ ಕೊಟ್ಟೆ.

ಅಲ್ಲಿಂದ ಮುಂದೆ ಕಡತ ಕ್ಲೇಮ್ ವಿಭಾಗಕ್ಕೆ ಹೋಯಿತು. ನನ್ನ ಬೇಸರವೂ ಅಲ್ಲಿಂದಲೇ ಶುರು.

ಎರಡು ವರ್ಷದ ಹಿಂದೆ ನನ್ನ ಡೆಬಿಟ್ ಕಾರ್ಡ್ ದುರ್ಬಳಕೆ ಆಗಿತ್ತು. ಆಗ ಹತ್ತೇ ಕೆಲಸದ ದಿನದಲ್ಲಿ ತಾತ್ಕಾಲಿಕವಾಗಿ ಹಣ ವಾಪಸ್ ಹಾಕಿದ್ದರು. ಈ ಸಲವೂ ಹಾಗೇ ಆಗುತ್ತದೆ ಅಂತ ಕಾದೆ. ಹನ್ನೊಂದನೇ ದಿನ ಫೋನ್ ಮಾಡಿದರೆ, "ಆ ನಿಯಮ ಚೆಕ್ಕಿಗೆ ಇಲ್ಲ" ಅಂದರು. ಅದು ನಿಜ. ಆ ಹತ್ತು ದಿನದ ಗಡುವು ಎಲೆಕ್ಟ್ರಾನಿಕ್ ವಹಿವಾಟಿಗೆ ಇರುವ ರೆಗ್ಯುಲೇಷನ್ ಇ ಅನ್ನುವ ನಿಯಮದ್ದು. ಕಾಗದದ ಚೆಕ್ಕಿನ ಮೇಲೆ ಖೊಟ್ಟಿ ಸಹಿ ಬಿದ್ದರೆ ಆ ಗಡಿಯಾರ ಓಡುವುದಿಲ್ಲ. ಇದನ್ನು ಮೊದಲ ದಿನವೇ ಹೇಳಿದ್ದರೆ ನಾನು ಸುಮ್ನೆ ಹತ್ತು ದಿನ ಕಾಯುತ್ತಿರಲಿಲ್ಲ. ಬ್ಯಾಂಕಿನವರಿಗೆ ಇದನ್ನು ಒಂದು ಸಾಲಿನಲ್ಲಿ ಬರೆದು ಗ್ರಾಹಕರ ಕೈಗೆ ಕೊಡಲು ಏನು ಕಷ್ಟ?

ಆಮೇಲೆ ಬಂದದ್ದು 30 ದಿನದ ಮಾತು. ನಿಮ್ಮ ಸ್ಟೇಟ್‌ಮೆಂಟ್ ಮಾರ್ಚ್ 15ಕ್ಕೆ ಬಂದಿದೆ, ನೀವು ಹೇಳಿದ್ದು ಏಪ್ರಿಲ್ 18ಕ್ಕೆ, 30 ದಿನ ದಾಟಿದೆ, ಕ್ಲೇಮ್ ತಿರಸ್ಕರಿಸಲಾಗಿದೆ ಅಂತ ಒಂದು ಪತ್ರ. ಅದನ್ನು ಓದಿ ನನ್ನ ಕೈ ತಣ್ಣಗಾಯಿತು. ಮನೆಯವರು, "ಹೋಗಲಿ ಬಿಡು, ಆರೋಗ್ಯ ಹಾಳು ಮಾಡ್ಕೋಬೇಡ" ಅಂದರು. ನಾನು ಬಿಡಲಿಲ್ಲ. ಖಾತೆ ತೆರೆದಾಗ ಕೊಟ್ಟ ಕರಾರನ್ನು ಆ್ಯಪ್‌ನಿಂದ ಇಳಿಸಿಕೊಂಡು ಅಡುಗೆಮನೆ ಮೇಜಿನ ಮೇಲೆ ಕೂತು ಓದಿದೆ. 30 ದಿನದ ಪ್ಯಾರಾದಲ್ಲಿ ಎರಡೇ ವಿಷಯ ಇತ್ತು: ಚೆಕ್ ಬರೆದವರ ಸಹಿ ಖೊಟ್ಟಿಯಾಗಿದ್ದರೆ, ಇಲ್ಲವೇ ಚೆಕ್ಕನ್ನು ತಿದ್ದಿದ್ದರೆ. ಎಂಡಾರ್ಸ್‌ಮೆಂಟ್ ಅನ್ನುವ ಶಬ್ದವೇ ಅಲ್ಲಿ ಇರಲಿಲ್ಲ.

ಕಾನೂನೂ ಹಾಗೇ ಇದೆ. ಇಲ್ಲಿ ಚೆಕ್ಕುಗಳಿಗೆಲ್ಲ ಯೂನಿಫಾರ್ಮ್ ಕಮರ್ಷಿಯಲ್ ಕೋಡ್ ಅನ್ನುವ ಕಾನೂನು, ಎಲ್ಲರೂ ಯುಸಿಸಿ ಅನ್ನುತ್ತಾರೆ. ಅದರ 4-406ನೇ ಕಲಂ ಪ್ರಕಾರ ಸ್ಟೇಟ್‌ಮೆಂಟ್ ಬಂದ ಮೇಲೆ ಗ್ರಾಹಕರು ಬೇಗ ನೋಡಿ ಹೇಳಬೇಕು. ಆದರೆ ಯಾವುದನ್ನು? ತಮ್ಮ ಸ್ವಂತ ಸಹಿಯನ್ನು, ಮತ್ತು ತಿದ್ದಿದ್ದನ್ನು. ಅವುಗಳಿಗೆ ಒಂದು ವರ್ಷ ದಾಟಿದರೆ ಬಾಗಿಲು ಪೂರ್ತಿ ಮುಚ್ಚುತ್ತದೆ. ಹಿಂಬದಿಯ ಸಹಿ ಆ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷ ಇದೆ. ಯೋಚಿಸಿದರೆ ಎಷ್ಟು ಸರಿ! ನನ್ನ ಸಹಿ ನನಗೆ ಗೊತ್ತು, ನಾನು ಬರೆದ ಮೊತ್ತ ನನಗೆ ಗೊತ್ತು. ಚಾವಣಿ ರಿಪೇರಿ ಮಾಡಿದವರು ಹೇಗೆ ಸಹಿ ಹಾಕುತ್ತಾರೆ ಅಂತ ನನಗೆ ಹೇಗೆ ಗೊತ್ತಿರಬೇಕು?

ಇಷ್ಟನ್ನೂ ಬರೆದು ಮೇ ಮೊದಲ ವಾರ ಕಳಿಸಿದೆ. ಬಂದ ಉತ್ತರ ಹೀಗಿತ್ತು: ಚೆಕ್ ಜಮಾ ಆದ ಆ ಇನ್ನೊಂದು ಬ್ಯಾಂಕಿಗೆ ಬರೆದಿದ್ದೇವೆ, ಅವರು ಹಣ ಕೊಟ್ಟರೆ ನಿಮಗೆ ಕೊಡುತ್ತೇವೆ, ಅವರು ಕೊಡದಿದ್ದರೆ ನಾವು ಏನೂ ಮಾಡುವ ಹಾಗಿಲ್ಲ.

ಬೇರೆ ಏನು ಮರೆತರೂ ಈ ಉತ್ತರ ತಪ್ಪು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ನಾನು ನನ್ನ ಬ್ಯಾಂಕಿಗೆ ಕೊಟ್ಟ ಆದೇಶ ಒಂದೇ: ಈ ಹಣವನ್ನು ಇಂಥವರಿಗೆ ಕೊಡಿ. ಅವರು ಇನ್ಯಾರಿಗೋ ಕೊಟ್ಟರು. ಹಾಗಾದರೆ ಅವರು ಕೊಟ್ಟದ್ದು ನನ್ನ ಹಣ ಅಲ್ಲ, ಅವರ ಹಣ. ಕಾನೂನಿನ ಭಾಷೆಯಲ್ಲಿ ಅದು ನನ್ನ ಖಾತೆಯಿಂದ ಸರಿಯಾಗಿ ಪಾವತಿಸಬಹುದಾದ ಚೆಕ್ಕೇ ಆಗಿರಲಿಲ್ಲ (4-401ನೇ ಕಲಂ). ಅವರು ನನಗೆ ಹಣ ತುಂಬಿಕೊಟ್ಟು, ಆಮೇಲೆ ಆ ಇನ್ನೊಂದು ಬ್ಯಾಂಕಿನಿಂದ ವಸೂಲಿ ಮಾಡಿಕೊಳ್ಳಬೇಕು. ಅದಕ್ಕೂ ಕಾನೂನೇ ದಾರಿ ಮಾಡಿದೆ. ಚೆಕ್ಕನ್ನು ಮುಂದಕ್ಕೆ ಕಳಿಸುವ ಪ್ರತಿ ಬ್ಯಾಂಕೂ, ಈ ಹಣ ಕೇಳಲು ತನಗೆ ಹಕ್ಕಿದೆ ಅಂತ ಖಾತರಿ ಕೊಟ್ಟ ಹಾಗೆ. ಆ ಖಾತರಿ ಸುಳ್ಳಾದರೆ ಅದೇ ಬ್ಯಾಂಕ್ ತುಂಬಿಕೊಡಬೇಕು. ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗಿ ನಷ್ಟ ಕೊನೆಗೆ ನಿಲ್ಲುವುದು ಕಳ್ಳನ ಕೈಯಿಂದ ನೇರವಾಗಿ ಚೆಕ್ ತೆಗೆದುಕೊಂಡವರ ಹತ್ತಿರ. ಅವನ ಗುರುತಿನ ಚೀಟಿ ನೋಡುವ ಅವಕಾಶ ಇದ್ದದ್ದು ಅವರಿಗೆ. ಎರಡು ಎಲ್‌ಗೂ ಒಂದು ಎಲ್‌ಗೂ ಇರುವ ವ್ಯತ್ಯಾಸ ಕಾಣಬೇಕಾಗಿದ್ದದ್ದು ಅವರಿಗೆ. ಬ್ಯಾಂಕುಗಳು ತಮ್ಮತಮ್ಮಲ್ಲಿ ಆರು ತಿಂಗಳು ಪತ್ರ ಬರೆದುಕೊಳ್ಳಲಿ. ಅದಕ್ಕೆ ನಾನು ಯಾಕೆ ಕಾಯಬೇಕು?

ಚಾವಣಿ ಕೆಲಸದವರಿಗೆ ಅಷ್ಟರಲ್ಲಿ ನಾನು ಎರಡನೇ ಸಲ ಹಣ ಕೊಟ್ಟಾಗಿತ್ತು. ಅದೂ ನ್ಯಾಯವೇ. ಚೆಕ್ ಅವರ ಕೈಗೆ ಸೇರಲೇ ಇಲ್ಲ, ಹಾಗಾಗಿ ನನ್ನ ಸಾಲ ತೀರಿರಲಿಲ್ಲ. ಒಂದು ವೇಳೆ ಚೆಕ್ ಅವರ ಮನೆ ತಲುಪಿ, ಅವರ ಮೇಜಿನಿಂದ ಕಳುವಾಗಿದ್ದರೆ ಕಥೆ ಬೇರೆ ಆಗುತ್ತಿತ್ತು. ಆಗ ಅವರು ನನ್ನನ್ನು ಮತ್ತೆ ಕೇಳುವ ಹಾಗಿಲ್ಲ, ಖೊಟ್ಟಿ ಸಹಿಗೆ ಹಣ ಕೊಟ್ಟ ಬ್ಯಾಂಕನ್ನೇ ಕೇಳಬೇಕಾಗುತ್ತಿತ್ತು.

ಮೇ 30ರಂದು ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋದ, ಅಂದರೆ ಸಿಎಫ್‌ಪಿಬಿಯ, ವೆಬ್‌ಸೈಟಿನಲ್ಲಿ ದೂರು ಹಾಕಿದೆ. ಈ ಸೇವೆಗೆ ನಾನು 5ಕ್ಕೆ 5 ಕೊಡುತ್ತೇನೆ. ಫಾರಂ ತುಂಬಲು ಇಪ್ಪತ್ತು ನಿಮಿಷ ಸಾಕಾಯಿತು. ಶುಲ್ಕ ಇಲ್ಲ. ಕಾಗದಪತ್ರ, ಚೆಕ್ಕಿನ ಎರಡೂ ಬದಿಯ ಚಿತ್ರ, ಎಲ್ಲ ಅಲ್ಲೇ ಸೇರಿಸಬಹುದು. ಕಂಪನಿಗಳು ಸಾಮಾನ್ಯವಾಗಿ 15 ದಿನದಲ್ಲಿ ಉತ್ತರಿಸಬೇಕು, ಕೆಲವು ಸಲ ಕೊನೆಯ ಉತ್ತರಕ್ಕೆ 60 ದಿನದವರೆಗೆ ಸಮಯ. ಜೂನ್ 12ಕ್ಕೆ ಬ್ಯಾಂಕಿನ ಬೇರೊಂದು ವಿಭಾಗದಿಂದ ಫೋನ್ ಬಂತು. ಈ ಸಲ ಮಾತಾಡಿದವರಿಗೆ ಕಡತ ಓದಿ ಗೊತ್ತಿತ್ತು. "ನಿಮ್ಮ ಚೆಕ್ಕಿನ ಎಂಡಾರ್ಸ್‌ಮೆಂಟ್ ವಿಷಯ" ಅಂತ ಮಾತು ಶುರು ಮಾಡಿದರು. ಶಾಖೆಯ ಹುಡುಗಿ ಮೊದಲ ದಿನ ಹೇಳಿದ ಶಬ್ದ ಮತ್ತೆ ಕೇಳಿ ನನಗೆ ಕಣ್ಣು ತುಂಬಿ ಬಂತು. ಜೂನ್ 30ಕ್ಕೆ 4,860 ಡಾಲರ್ ಖಾತೆಗೆ ಬಂತು. ಹೇಳಿದ ದಿನದಿಂದ 73ನೇ ದಿನ. ಎರಡನೇ ಸ್ಟಾರ್ ಇದಕ್ಕೆ. ತಡವಾದರೂ ಪೂರ್ತಿ ಕೊಟ್ಟರು.

ಈ ಕಥೆ ಕೇಳಿದ ನನ್ನ ಗೆಳತಿಯೊಬ್ಬಳು ಆ ವರ್ಷ ಅಕ್ಟೋಬರ್‌ನಲ್ಲಿ ಫೋನ್ ಮಾಡಿದಳು. ಅವಳು ಮಕ್ಕಳಿಗೆ ನೃತ್ಯ ಕಲಿಸುವ ಶಾಲೆ ನಡೆಸುತ್ತಾಳೆ. "ಅಕ್ಕಾ, ನಂಗೂ ಹಂಗೇ ಆಯ್ತು. ನಿಮ್ಮ ಪತ್ರಗಳನ್ನೆಲ್ಲ ಕಳಿಸ್ತೀರಾ, ಹಂಗೇ ಬರೀತೀನಿ" ಅಂದಳು. ಕೇಳುತ್ತಾ ಹೋದ ಹಾಗೆ ನನ್ನ ಎದೆ ಕುಸಿಯಿತು. ಅವಳಿಗೆ ಹಾಗೇ ಆಗಿರಲಿಲ್ಲ.

ಶಾಲೆಗೆ ಹೊಸ ನೆಲ ಹಾಕಿದ ಕಂಪನಿಗೆ ಅವಳು 11,200 ಡಾಲರ್ ಕೊಡಬೇಕಿತ್ತು. ಆ ಕಂಪನಿಯ ಹೆಸರಲ್ಲೇ ಒಂದು ಇಮೇಲ್ ಬಂತು: ನಮ್ಮ ಆಫೀಸು ಬದಲಾಗಿದೆ, ಚೆಕ್ಕನ್ನು ಈ ಹೊಸ ವಿಳಾಸಕ್ಕೆ ಕಳಿಸಿ. ಬಿಲ್ ನಂಬರೂ ಸರಿಯಾಗಿತ್ತು. ಅವಳು ಕಂಪನಿಯ ಹೆಸರಿಗೇ ಚೆಕ್ ಬರೆದು ಆ ವಿಳಾಸಕ್ಕೆ ಕಳಿಸಿದಳು. ಅಲ್ಲಿದ್ದದ್ದು ಕಂಪನಿಯ ಸೋಗು ಹಾಕಿದ ಕಳ್ಳ. ಅವನು ಕಂಪನಿಯ ಹೆಸರಲ್ಲಿ ಹಿಂದೆ ಸಹಿ ಹಾಕಿ ಹಣ ಎತ್ತಿದ.

ಹೊರಗಿನಿಂದ ನೋಡಿದರೆ ಎರಡೂ ಒಂದೇ. ಹಿಂಬದಿಯ ಸಹಿ ಖೊಟ್ಟಿ, ಸಿಗಬೇಕಾದವರಿಗೆ ಹಣ ಸಿಗಲಿಲ್ಲ. ಆದರೆ ನನ್ನ ಚೆಕ್ಕನ್ನು ಅಂಚೆಯ ದಾರಿಯಲ್ಲಿ ಕಳ್ಳ ಕದ್ದ. ಅವಳ ವಿಷಯದಲ್ಲಿ ಕಳ್ಳನೇ ಅವಳಿಂದ ಚೆಕ್ ಬರೆಸಿಕೊಂಡ. ಯುಸಿಸಿಯ 3-404ನೇ ಕಲಂ ಇರುವುದೇ ಇದಕ್ಕೆ. ಒಬ್ಬ ಇನ್ನೊಬ್ಬರ ಸೋಗು ಹಾಕಿ, ಅಂಚೆಯಲ್ಲೋ ಬೇರೆ ರೀತಿಯಲ್ಲೋ ನಂಬಿಸಿ, ನಮ್ಮಿಂದಲೇ ತನಗೆ ಚೆಕ್ ಕೊಡಿಸಿಕೊಂಡರೆ, ಆ ಹೆಸರಲ್ಲಿ ಯಾರು ಸಹಿ ಹಾಕಿದರೂ ಅದು ಸರಿಯಾದ ಸಹಿಯೇ ಅಂತ ಲೆಕ್ಕ. ಪ್ರಾಮಾಣಿಕವಾಗಿ ಹಣ ಕೊಟ್ಟ ಬ್ಯಾಂಕಿನ ಮೇಲೆ ಹೊಣೆ ಬರುವುದಿಲ್ಲ. ನಷ್ಟ ಚೆಕ್ ಬರೆದವರದ್ದು. ಕಳ್ಳನ ಜೊತೆ ವ್ಯವಹಾರ ಮಾಡಿದ್ದು ನೀವು, ಕೇಳಿ ಖಚಿತ ಮಾಡಿಕೊಳ್ಳಬೇಕಾಗಿದ್ದವರೂ ನೀವು ಅನ್ನುವುದು ಕಾನೂನಿನ ವಾದ. ಅವಳ ಬ್ಯಾಂಕ್ ಒಂದೇ ವಾರದಲ್ಲಿ ಆಗುವುದಿಲ್ಲ ಅಂತ ಪತ್ರ ಬರೆಯಿತು. ನೋವಿನಿಂದಲೇ ಹೇಳುತ್ತೇನೆ, ಅವರು ಹೇಳಿದ್ದು ಸರಿ.

ಆದರೆ ಆ ಕಲಂ ಅಲ್ಲಿಗೇ ಮುಗಿಯುವುದಿಲ್ಲ. ಅದರ ಕೊನೆಯ ಉಪಕಲಂ ಓದದೆ ಯಾರೂ ಕೈ ಬಿಡಬಾರದು. ಚೆಕ್ ತೆಗೆದುಕೊಂಡ ಬ್ಯಾಂಕ್ ಸಾಮಾನ್ಯವಾಗಿ ವಹಿಸಬೇಕಾದ ಎಚ್ಚರ ವಹಿಸದೆ, ಅದರಿಂದಲೇ ನಷ್ಟಕ್ಕೆ ದೊಡ್ಡ ಕಾರಣವಾಗಿದ್ದರೆ, ಅದರ ಪಾಲನ್ನು ಆ ಬ್ಯಾಂಕಿನಿಂದ ವಸೂಲಿ ಮಾಡಬಹುದು. "ನೋಡಮ್ಮಾ, ಕಂಪನಿ ಹೆಸರಲ್ಲಿ ಆ ಕಳ್ಳ ಖಾತೆ ಹೇಗೆ ತೆರೆದ? ಕಂಪನಿಯ ನೋಂದಣಿ ಪತ್ರ ಯಾರಾದರೂ ಕೇಳಿದ್ರಾ? ಅದನ್ನು ಹಿಡ್ಕೋ" ಅಂದೆ. ನನ್ನ ಪತ್ರಗಳನ್ನು ಕಳಿಸಲಿಲ್ಲ, ಅವು ಅವಳಿಗೆ ಹೊಂದುವುದಿಲ್ಲ. ಒಬ್ಬ ವಕೀಲರ ಹೆಸರು ಕೊಟ್ಟೆ.

ಇನ್ನು ಚೆಕ್ಕಿನ ಮುಂಬದಿಯಲ್ಲಿ ನಮ್ಮದೇ ಸಹಿ ಖೊಟ್ಟಿಯಾದರೆ? ಅದು ಬಹಳ ಹಳೆಯ ನಿಯಮ. 1762ರಲ್ಲಿ ಲಂಡನ್ನಿನಲ್ಲಿ ಪ್ರೈಸ್ ಮತ್ತು ನೀಲ್ ನಡುವಿನ ಕೇಸಿನಲ್ಲಿ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಪು ಕೊಟ್ಟರು: ಖೊಟ್ಟಿ ಸಹಿಯ ಹುಂಡಿಗೆ (ಚೆಕ್ಕಿನ ಹಾಗೆ ಹಣ ಕೊಡಿ ಅಂತ ಬರೆದ ಪತ್ರಕ್ಕೆ) ಹಣ ಕೊಟ್ಟವನು, ಅದನ್ನು ಪ್ರಾಮಾಣಿಕವಾಗಿ ತಂದವನಿಂದ ವಾಪಸ್ ಕೇಳುವ ಹಾಗಿಲ್ಲ. ಆ ಮಾತು ಇವತ್ತಿಗೂ ನಡೆಯುತ್ತದೆ. ಗ್ರಾಹಕರ ಸಹಿ ಬ್ಯಾಂಕಿಗೆ ಗೊತ್ತಿರಬೇಕು, ತಪ್ಪಿದರೆ ಹೊಣೆ ಅವರದೇ. ಖಾಲಿ ಚೆಕ್ ಪುಸ್ತಕವನ್ನು ಎಲ್ಲೆಂದರಲ್ಲಿ ಬಿಟ್ಟಂಥ ನಮ್ಮದೇ ಅಜಾಗ್ರತೆ ಇದ್ದರೆ ಮಾತ್ರ ಒಂದು ಪಾಲು ನಮಗೂ ಬರಬಹುದು.

ಗೆಳತಿಗೆ ಅವಳ ಬ್ಯಾಂಕಿನವರು ಆಮೇಲೆ ಪಾಸಿಟಿವ್ ಪೇ ಅನ್ನುವ ಸೇವೆ ತೆಗೆದುಕೊಳ್ಳಿ ಅಂದರು. ಬರೆದ ಚೆಕ್ಕುಗಳ ಪಟ್ಟಿಯನ್ನು ನಾವು ಮೊದಲೇ ಬ್ಯಾಂಕಿಗೆ ಕೊಡುವುದು, ಬಂದ ಚೆಕ್ಕಿನ ನಂಬರ್, ಮೊತ್ತ, ಕೆಲವು ಕಡೆ ಹೆಸರೂ ತಾಳೆಯಾದರೆ ಮಾತ್ರ ಅವರು ಹಣ ಕೊಡುವುದು. ಒಳ್ಳೆಯ ಸೇವೆಯೇ. ಪ್ರಿಂಟ್ ಮಾಡಿದ ನಕಲಿ ಚೆಕ್ಕುಗಳನ್ನೂ, ಹೆಸರನ್ನೂ ತಾಳೆ ನೋಡುವ ಕಡೆ ಶಾಯಿ ಅಳಿಸಿ ಹೆಸರು ಬದಲಾಯಿಸಿದ ಚೆಕ್ಕುಗಳನ್ನೂ ಇದು ಹಿಡಿಯುತ್ತದೆ. ಆದರೆ ಮಾರುವವರು ಹೇಳದ ಒಂದು ಮಾತಿದೆ. ಇದು ನೋಡುವುದು ಮುಂಬದಿಯನ್ನು ಮಾತ್ರ. ನನ್ನ ಚೆಕ್ಕಿನ ಮುಂಬದಿ ಅಸಲಿ. ಅವಳ ಚೆಕ್ಕಿನ ಮುಂಬದಿಯೂ ಅಸಲಿ, ಪಟ್ಟಿಗೆ ಸೇರಿಸುವವಳೂ ಅವಳೇ. ನಮ್ಮ ಎರಡು ಚೆಕ್ಕೂ ಇದರಲ್ಲಿ ಆರಾಮಾಗಿ ಪಾಸಾಗುತ್ತಿದ್ದವು. ಅವಳಿಗೆ ಬೇಕಾಗಿದ್ದದ್ದು ಕಂಪನಿಯ ಹಳೆಯ ನಂಬರಿಗೆ ಒಂದು ಫೋನು.

ನಮ್ಮ ಬ್ಯಾಂಕಿನವರು ಇದನ್ನು ಓದಿದರೆ ಎರಡು ಕೆಲಸ ಮಾಡಲಿ. ಆ್ಯಪ್‌ನಲ್ಲಿ ಚೆಕ್ಕಿನ ಹಿಂಬದಿಯನ್ನೂ ಮುಂಬದಿಯ ಪಕ್ಕದಲ್ಲೇ ತೋರಿಸಲಿ. ಕ್ಲೇಮ್ ವಿಭಾಗದ ಫೋನ್ ಎತ್ತುವವರಿಗೆ ಸಹಿಯ ಕೇಸು ಬೇರೆ, ಎಂಡಾರ್ಸ್‌ಮೆಂಟ್ ಕೇಸು ಬೇರೆ ಅಂತ ಒಂದು ದಿನ ಕೂರಿಸಿ ಕಲಿಸಲಿ. ಆ ಶಾಖೆಯ ಹುಡುಗಿಯೇ ಕಲಿಸಬಲ್ಲಳು. 14 ವರ್ಷದ ಗ್ರಾಹಕಳಿಗೆ ತಪ್ಪು ಕಾರಣ ಕೊಟ್ಟು ಇಲ್ಲ ಅನ್ನುವುದು ಸಣ್ಣ ವಿಷಯ ಅಲ್ಲ. ನಾನು ಕರಾರು ಓದಿದೆ. ಓದಲು ಬಾರದವರು, ಇಂಗ್ಲಿಷ್ ಕಷ್ಟವಾಗುವ ವಯಸ್ಸಾದವರು ಆ ಪತ್ರ ನೋಡಿ ಸುಮ್ಮನಾಗಿಬಿಡುತ್ತಾರೆ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮನೆ ಸಾಲ ಇನ್ನೂ ಅಲ್ಲೇ ಇದೆ. ಚೆಕ್ ಪುಸ್ತಕ ಮಾತ್ರ ಈಗ ಹತ್ತಿರದ, ಸಹಕಾರಿ ಬ್ಯಾಂಕಿನಂಥ ಒಂದು ಕ್ರೆಡಿಟ್ ಯೂನಿಯನ್‌ನದು. ಹಣ ಹೋದ ದಿನವೇ ಎರಡೂ ಬದಿ ನೋಡುತ್ತೇನೆ. ಅಂಚೆಗೆ ಹಾಕಬೇಕಾದರೆ ಪೋಸ್ಟ್ ಆಫೀಸಿನ ಒಳಗೆ ಹೋಗಿ ಕೌಂಟರಿನಲ್ಲೇ ಕೊಡುತ್ತೇನೆ.

ಗೆಳತಿಯ ವಕೀಲರು ಆ ಇನ್ನೊಂದು ಬ್ಯಾಂಕಿಗೆ ಮೂರು ಪತ್ರ ಬರೆದರು. ಖಾತೆ ತೆರೆಯುವಾಗ ಕಂಪನಿಯ ಯಾವ ಕಾಗದ ನೋಡಿದಿರಿ ಅನ್ನುವ ಪ್ರಶ್ನೆಗೆ ಅವರು ಉತ್ತರವನ್ನೇ ಕೊಡಲಿಲ್ಲ. ಏಳು ತಿಂಗಳ ಮೇಲೆ 5,600 ಡಾಲರ್‌ಗೆ ರಾಜಿ ಆಯಿತು. ಉಳಿದ 5,600 ಅವಳ ಕೈಯಿಂದಲೇ ಹೋಯಿತು. ನೆಲ ಹಾಕಿದ ಕಂಪನಿಗೆ ಅವಳು ಆ ಹಣವನ್ನು ಕಂತಿನಲ್ಲಿ ತೀರಿಸಿದಳು.